ಬಟ್ಟಲಲ್ಲಿ ನಲವತ್ತು ಕಾಫಿ ಬೀಜ: ಗೋಣಿಕೊಪ್ಪದ ಬೇಸಿಗೆ ಸಾಫ್ಟ್‌ಬಾಲ್ ಶಿಬಿರ

ಈ ಶಿಬಿರಕ್ಕೆ ಬೋರ್ಡಿಲ್ಲ. ಕೊಡಗಿನ ಗೋಣಿಕೊಪ್ಪದಿಂದ ಪೊನ್ನಂಪೇಟೆ ಕಡೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗಿ, ಯಾರನ್ನಾದರೂ ‘ಸಾಫ್ಟ್‌ಬಾಲ್ ಅಕ್ಕನ ಕ್ಯಾಂಪ್ ಎಲ್ಲಿ’ ಅಂತ ಕೇಳಿದರೆ ಕೈ ತೋರಿಸುತ್ತಾರೆ. ಒಂದು ಕಡೆ ಕಾಫಿ ತೋಟದ ಬೇಲಿ, ಇನ್ನೊಂದು ಕಡೆ ಗದ್ದೆ, ನಡುವೆ ಮೈದಾನ. ಏಪ್ರಿಲ್ ಎರಡನೇ ವಾರದಿಂದ 26 ದಿನ, ಬೆಳಿಗ್ಗೆ ಆರೂವರೆಯಿಂದ ಒಂಬತ್ತು. ಶುಲ್ಕ 3,000 ರೂಪಾಯಿ. ಅದರಲ್ಲೇ ಆಟ ಮುಗಿದ ಮೇಲೆ ಕೊಡುವ ರಾಗಿ ಅಂಬಲಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಸೇರಿದೆ. ಶನಿವಾರ ನೂಪುಟ್ಟು (ಒತ್ತು ಶ್ಯಾವಿಗೆ). ನನ್ನ ಮೊಮ್ಮಗಳು ಈ ವರ್ಷ ಅಲ್ಲಿ ಕಲಿತಳು. ನಾನು 26 ದಿನವೂ ಬೇಲಿ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ನೋಡಿದೆ. ಮಕ್ಕಳನ್ನು ಕಳಿಸುವ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಾನು 31 ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮಾಸ್ಟ್ರಾಗಿದ್ದವನು. ಕಬಡ್ಡಿ, ಥ್ರೋಬಾಲ್, ಹಾಕಿ, ಓಟ ಎಲ್ಲ ಹೇಳಿಕೊಟ್ಟಿದ್ದೇನೆ. ಸಾಫ್ಟ್‌ಬಾಲ್ ಬೇಸ್‌ಬಾಲಿನ ಜಾತಿಯದು, ಶಾಲಾ ಕ್ರೀಡಾಕೂಟದ ಪಟ್ಟಿಯಲ್ಲಿ ಇರುವ ಆಟ. ಹಾಗಾಗಿ ಒಂದು ವರ್ಷ ನಿಯಮದ ಪುಸ್ತಕ ಓದಿಕೊಂಡು, ಎರಡೇ ಎರಡು ಗ್ಲೌಸ್ ಇಟ್ಟುಕೊಂಡು ಹೆಣ್ಣುಮಕ್ಕಳ ತಂಡ ಕಟ್ಟಿದ್ದೆ. ಮೊದಲನೇ ಪಂದ್ಯದಲ್ಲೇ ಸೋತು ಬಂದೆವು. ಪಿಚಿಂಗ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯೋದನ್ನು, ಹೇಗೆ ಹೇಳಿಕೊಡಬೇಕು ಅನ್ನೋದು ಆ ಪುಸ್ತಕದಲ್ಲಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಮಕ್ಕಳ ಮುಖ ಇವತ್ತಿಗೂ ನೆನಪಿದೆ. ಅದಕ್ಕೇ ಈ ಶಿಬಿರ ನೋಡಬೇಕು ಅನ್ನೋ ಆಸೆ ನನಗೆ ಮೊಮ್ಮಗಳಿಗಿಂತ ಹೆಚ್ಚಾಗಿತ್ತು.

ಕೊಡಗಿನಲ್ಲಿ ಹಾಕಿ ಬಿಟ್ಟು ಬೇರೆ ಕೋಲಿನ ಆಟಕ್ಕೆ ಮಕ್ಕಳನ್ನು ಸೇರಿಸೋದು ಸುಲಭದ ಮಾತಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ ಬಂದಿದ್ದು 60 ಕುಟುಂಬಗಳ ತಂಡ. ನಾನು ಆಗ ಸ್ಕೂಟರಿನಲ್ಲಿ ಹೋಗಿ ನೋಡಿ ಬಂದಿದ್ದೆ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡ. ಏಪ್ರಿಲ್ ಬಂತೆಂದರೆ ಅಜ್ಜಿಯಿಂದ ಹಿಡಿದು ಶಾಲೆ ಮೆಟ್ಟಿಲು ಹತ್ತದ ಮಕ್ಕಳವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಅದೇ ಏಪ್ರಿಲ್‌ನಲ್ಲಿ ಈ ಶಿಬಿರದ ಕೋಚ್, ಊರವರ ‘ಸಾಫ್ಟ್‌ಬಾಲ್ ಅಕ್ಕ’, 31 ಮಕ್ಕಳನ್ನು ಕೂಡಿಸಿದ್ದಾರೆ, ಅದರಲ್ಲಿ 19 ಹುಡುಗಿಯರು.

ಮೊದಲನೇ ದಿನ ಅವರು ಮಾಡಿದ್ದು ಇಷ್ಟೇ. ಒಂದು ಕ್ರಿಕೆಟ್ ಚೆಂಡು, ಒಂದು ಹಾಕಿ ಚೆಂಡು, ಒಂದು ಸಾಫ್ಟ್‌ಬಾಲ್ ಮೂರನ್ನೂ ಎಲ್ಲ ಮಕ್ಕಳ ಕೈಗೆ ಕೊಟ್ಟು, ಕಣ್ಣು ಮುಚ್ಚಿ ತೂಕ ನೋಡಿ ಅಂದರು. ಹಳದಿ ಸಾಫ್ಟ್‌ಬಾಲಿನ ಸುತ್ತಳತೆ 12 ಅಂಗುಲ, ಕ್ರಿಕೆಟ್ ಚೆಂಡು ಒಂಬತ್ತು ಅಂಗುಲ. ತೂಕವೂ ಸಾಫ್ಟ್‌ಬಾಲಿನದೇ ಜಾಸ್ತಿ, 178 ಗ್ರಾಂನಿಂದ 198ರವರೆಗೆ. ‘ಹೆಸರಲ್ಲಿ ಮೆತ್ತಗಿದೆ, ಮೂಗಿಗೆ ಬಿದ್ದರೆ ಗೊತ್ತಾಗುತ್ತೆ’ ಅಂದರು. ಮೊದಲ ವಾರವಿಡೀ ಮಕ್ಕಳು ಗಟ್ಟಿ ಚೆಂಡು ಮುಟ್ಟಲಿಲ್ಲ. ರಬ್ಬರಿನ ಹಗುರ ಚೆಂಡಿನಲ್ಲಿ ಹಿಡಿಯೋದು ಕಲಿತರು. ಎರಡು ಕೈಯಲ್ಲಿ ಹಿಡಿಯಬೇಕು, ಎದೆ ಚೆಂಡಿಗೆ ಎದುರಾಗಿರಬೇಕು, ಕಣ್ಣು ಗ್ಲೌಸಿನ ಒಳಗಿನವರೆಗೂ ಚೆಂಡಿನ ಹಿಂದೆ ಹೋಗಬೇಕು. ಹೆದರಿಕೆ ಹೋದ ಮೇಲೆ ಗಟ್ಟಿ ಚೆಂಡು. 31 ಮಕ್ಕಳಲ್ಲಿ ಒಬ್ಬರಿಗೂ ಮುಖಕ್ಕೆ ಪೆಟ್ಟಾಗಲಿಲ್ಲ.

ಹಿಂದಿನ ಬೇಸಿಗೆಯಲ್ಲಿ ಇದೇ ಮೊಮ್ಮಗಳನ್ನು ಬೇರೊಂದು ಊರಿನ ಶಿಬಿರಕ್ಕೆ ಸೇರಿಸಿದ್ದೆ. ಹಣ ಇದರ ಎರಡರಷ್ಟು. ನಲವತ್ತು ಮಕ್ಕಳು ಸಾಲಾಗಿ ನಿಂತು, ಒಂದು ಗಂಟೆಯಲ್ಲಿ ಎರಡು ಸಲ ಬ್ಯಾಟ್ ಮುಟ್ಟಿ ಮನೆಗೆ ಬರುತ್ತಿದ್ದರು. ಹತ್ತನೇ ದಿನಕ್ಕೆ ‘ಅಜ್ಜ, ಹೊಟ್ಟೆನೋವು’ ಅಂತ ಶುರುಮಾಡಿದಳು. ನಾನು ಒತ್ತಾಯ ಮಾಡಲಿಲ್ಲ. ಸಾಲಿನಲ್ಲಿ ನಿಂತ ಮಗು ಏನೂ ಕಲಿಯುವುದಿಲ್ಲ ಅನ್ನೋದು 31 ವರ್ಷದಲ್ಲಿ ನಾನು ಕಲಿತ ಪಾಠ. ಇಲ್ಲಿ ಸಾಲೇ ಇಲ್ಲ. ಮೈದಾನವನ್ನು ಐದು ಭಾಗ ಮಾಡಿ, ಆರೇಳು ಮಕ್ಕಳ ಗುಂಪು, 12 ನಿಮಿಷಕ್ಕೊಮ್ಮೆ ಸೀಟಿ, ಜಾಗ ಬದಲು. ನಾನು ವಾಚು ಹಿಡಿದು ನೋಡಿದೆ. ಮೊಮ್ಮಗಳ ಕೈಗೆ ಒಂದು ಬೆಳಿಗ್ಗೆಯಲ್ಲಿ ನೂರಕ್ಕೂ ಹೆಚ್ಚು ಸಲ ಚೆಂಡು ಬಂತು.

ಬ್ಯಾಟಿಂಗ್ ಕಲಿಸುವಾಗ ಅವರು ಕಂಡುಹಿಡಿದ ಒಂದು ವಿಷಯ ನನಗೆ ತುಂಬ ಹಿಡಿಸಿತು. ನಮ್ಮ ಕಡೆಯ ಮಕ್ಕಳು ನಡೆಯೋದು ಕಲಿತಾಗಲೇ ಹಾಕಿ ಸ್ಟಿಕ್ ಹಿಡಿದವರು. ಮಣಿಕಟ್ಟು ಚುರುಕು, ಕಣ್ಣು ಚುರುಕು. ಆದರೆ ಅವರ ಬ್ಯಾಟು ನೆಲದ ಕಡೆಗೇ ಇಳಿಯುತ್ತೆ, ಮೇಲಿನ ಕೈ ಕೆಳಗಿನ ಕೈಯಿಂದ ದೂರ ಓಡುತ್ತೆ. ಬೈದರೆ ಬದಲಾಗುವ ಅಭ್ಯಾಸವಲ್ಲ ಇದು. ಅವರು ಎರಡು ಕೈಗೂ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕಿದರು, ಸೊಂಟದೆತ್ತರದ ಕಂಬದ ಮೇಲೆ ಚೆಂಡು ಇಟ್ಟು ಹೊಡೆಸಿದರು. ‘ಹಾಕಿ ಮರೀಬೇಡಿ, ಈ ಮೈದಾನದಲ್ಲಿ ಮಾತ್ರ ಚೆಂಡು ಸೊಂಟಕ್ಕೆ ಬಂದಿದೆ ಅಂದ್ಕೊಳ್ಳಿ’ ಅಂದರು. ಮೂರು ದಿನದಲ್ಲಿ ಬ್ಯಾಟು ನೇರವಾಯಿತು.

ಈಗ ಎಡಗೈ ವಿಷಯ. ನನ್ನ ಮೊಮ್ಮಗಳು ಎಡಚಿ. ಹನ್ನೊಂದು ವರ್ಷದ ಹುಡುಗಿ, ಮೈಸೂರಿನಲ್ಲಿ ಓದುತ್ತಾಳೆ, ರಜಕ್ಕೆ ನಮ್ಮ ಮನೆಗೆ ಬರುತ್ತಾಳೆ. ಊಟಕ್ಕೆ ಕೂತರೆ ಇವತ್ತಿಗೂ ಯಾರಾದರೊಬ್ಬ ನೆಂಟರು ‘ಬಲಗೈ ಕುಂಞಿ, ಬಲಗೈ’ ಅನ್ನುತ್ತಾರೆ. ಎಡಗೈಯಲ್ಲಿ ಎಸೆಯುವವರಿಗೆ ಗ್ಲೌಸ್ ಬಲಗೈಗೆ ಬೇಕು. ಅಂಥದ್ದು ಇಲ್ಲಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಸೇರಿಸುವಾಗ ನಾನು ಮುಂಚಿತವಾಗಿ ‘ಎಡಚಿ, ಬಲಗೈಯಲ್ಲೇ ಅಭ್ಯಾಸ ಮಾಡಿಸಿದರೂ ಪರವಾಗಿಲ್ಲಮ್ಮಾ’ ಅಂದೆ. ಅವರು ನನ್ನ ಮುಖ ನೋಡಿದರು. ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಒಂದು ಗ್ಲೌಸ್ ತಂದರು. ಬಲಗೈಗೆ ಹಾಕುವಂಥದ್ದು. ಎರಡು ವರ್ಷದ ಹಿಂದೆ ಮೀರತ್‌ನಿಂದ ತರಿಸಿ, ಎಣ್ಣೆ ಹಚ್ಚಿ ಇಟ್ಟಿದ್ದರಂತೆ. ‘ಯಾರಾದ್ರೂ ಬರ್ತಾರೆ ಅಂತ ಕಾಯ್ತಾ ಇದ್ದೆ ಸರ್’ ಅಂದರು.

ಆಮೇಲೆ ಮೈದಾನಕ್ಕೆ ಕರೆದುಕೊಂಡು ಹೋಗಿ ಮಗುವಿಗೆ ತೋರಿಸಿದರು. ಎಡಗೈ ಬ್ಯಾಟರ್ ನಿಲ್ಲುವ ಚೌಕ, ಹೊಡೆದ ಮೇಲೆ ಮೊದಲು ಓಡಿ ಮುಟ್ಟಬೇಕಾದ ಮೊದಲನೇ ಬೇಸಿನ ಕಡೆಗಿದೆ. ಬೇಸಿಗೂ ಬೇಸಿಗೂ 60 ಅಡಿ. ಬಲಗೈಯವರಿಗಿಂತ ಎಡಗೈಯವರು ಒಂದೆರಡು ಹೆಜ್ಜೆ ಮುಂದಿರುತ್ತಾರೆ. ಓಡುತ್ತಾ ಓಡುತ್ತಾ ಚೆಂಡನ್ನು ತಟ್ಟಿ ಬಿಡುವ ‘ಸ್ಲ್ಯಾಪ್’ ಅನ್ನೋ ಹೊಡೆತ ಇವರಿಗೇ ಅನುಕೂಲ. ‘ನಿನ್ನಂಥವರನ್ನ ತಂಡಗಳು ಹುಡುಕ್ತಾವೆ ಗೊತ್ತಾ’ ಅಂದರು. ಮೊಮ್ಮಗಳು ಅವತ್ತು ಮನೆಗೆ ಬಂದು ಅಜ್ಜಿಗೆ ಆ ಎರಡು ಹೆಜ್ಜೆಯನ್ನು ಹಜಾರದಲ್ಲಿ ಅಳೆದು ತೋರಿಸಿದಳು.

ನನ್ನ ಶಾಲೆಯಲ್ಲಿ ಎಡಗೈಯಲ್ಲಿ ಗುಂಡು ಎಸೆಯುತ್ತಿದ್ದ ಒಬ್ಬ ಹುಡುಗನಿಗೆ ನಾನು ಬಲಗೈ ಅಭ್ಯಾಸ ಮಾಡಿಸಿದ್ದೆ. ಆಗ ಅದೇ ಸರಿ ಅಂತ ನಂಬಿದ್ದೆ. ಆ ವರ್ಷವೇ ಅವನು ಆಟ ಬಿಟ್ಟ. ಈ ಬೆಂಚಿನ ಮೇಲೆ ಕೂತು ಅವನನ್ನು ಬಹಳ ಸಲ ನೆನೆಸಿಕೊಂಡೆ.

ಕೋಚ್ ಬಗ್ಗೆ ಹೇಳಬೇಕು. ಹೆಸರು ಬರೆಯಬೇಡಿ ಅಂದಿದ್ದಾರೆ, ಬರೆಯುವುದಿಲ್ಲ. ತಂದೆ ಸಿದ್ದಾಪುರದ ಕಡೆ ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ಶಾಲೆಯಲ್ಲಿ ಹಾಕಿ ಗೋಲ್‌ಕೀಪರ್. ಮೈಸೂರಿಗೆ ಕಾಲೇಜಿಗೆ ಹೋದಾಗ ಸಾಫ್ಟ್‌ಬಾಲ್ ತಂಡಕ್ಕೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಬೇಕಾಗಿತ್ತು. ಪ್ಯಾಡ್ ಕಟ್ಟಿ ಅಭ್ಯಾಸವಿದೆ ಅಂತ ಇವರನ್ನು ಕೂರಿಸಿದರು. ಒಂದು ದಿನ ಪಿಚರ್ ಬರಲಿಲ್ಲ, ಇವರು ಎಸೆದರು. ಮತ್ತೆ ಎಂಟು ವರ್ಷ ಎಸೆಯುತ್ತಲೇ ಇದ್ದರು. ವಿಶ್ವವಿದ್ಯಾಲಯದ ತಂಡ, ರಾಜ್ಯ ತಂಡ, ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಚಿನ್ನ. ಆ ಪದಕವನ್ನು ಶಿಬಿರದ ಯಾವ ಮೂಲೆಯಲ್ಲೂ ತೂಗುಹಾಕಿಲ್ಲ. ಕೇಳಿದ ಮೇಲೆ ಒಂದು ದಿನ ಟಿಫಿನ್ ಚೀಲದಲ್ಲಿ ತಂದು ಮಕ್ಕಳಿಗೆ ಮುಟ್ಟಲು ಕೊಟ್ಟರು.

ಸಾಫ್ಟ್‌ಬಾಲಿನಲ್ಲಿ ಚೆಂಡನ್ನು ಕೆಳಗಿನಿಂದ, ಕೈಯನ್ನು ಗಾಳಿಯಂತ್ರದ ರೆಕ್ಕೆಯ ಹಾಗೆ ಪೂರ್ತಿ ಸುತ್ತು ತಿರುಗಿಸಿ ಎಸೆಯುತ್ತಾರೆ. ಹಾಗೆ ಎಸೆದರೆ ಭುಜಕ್ಕೆ ಏನೂ ಆಗುವುದಿಲ್ಲ ಅನ್ನೋ ನಂಬಿಕೆ ಈ ಆಟದಲ್ಲಿ ಬಹಳ ಹಳೆಯದು. ಅದರಿಂದಲೇ ಒಬ್ಬಳೇ ಪಿಚರ್ ಎಲ್ಲ ಪಂದ್ಯವನ್ನೂ ಎಸೆಯೋದು ಮಾಮೂಲಾಯಿತು. ನಿಜವಾಗಿ ಭುಜದ ಮೇಲೂ ತೋಳಿನ ಮುಂಭಾಗದ ಸ್ನಾಯುವಿನ ಮೇಲೂ ಬೀಳುವ ಭಾರ ಕಡಿಮೆಯೇನಲ್ಲ. ಇವರು ಒಂದು ಟೂರ್ನಿಯಲ್ಲಿ ಮೂರು ದಿನದಲ್ಲಿ ಐದು ಪಂದ್ಯ ಎಸೆದರು. ನಾಲ್ಕನೆಯದಕ್ಕೇ ನೋವು ಹೇಳಿಕೊಂಡರೂ ಸ್ಪ್ರೇ ಹೊಡೆದು ಮತ್ತೆ ಇಳಿಸಿದರಂತೆ. ಇಳಿಸಿದವರ ಹೆಸರು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ‘ಈಗ ಬಲಗೈ ಮೇಲೆತ್ತಿ ತಂತಿಗೆ ಬಟ್ಟೆ ಹಾಕಕ್ಕಾಗಲ್ಲ ಸರ್’ ಅಂದರು, ಅಷ್ಟೇ.

ಇಲ್ಲಿಂದಲೇ ಕಾಫಿ ಬೀಜ ಬಂದಿದ್ದು. ಪಿಚಿಂಗ್ ಜಾಗದ ಪಕ್ಕ ಪ್ರತಿ ಮಗುವಿಗೂ ಎರಡು ಸ್ಟೀಲ್ ಬಟ್ಟಲು. ಒಂದರಲ್ಲಿ ಎಣಿಸಿಟ್ಟ ಒಣ ಚೆರಿ ಕಾಫಿ (ಸಿಪ್ಪೆ ಸಮೇತ ಒಣಗಿಸಿದ್ದು). 12 ವರ್ಷದ ಒಳಗಿನವರಿಗೆ ನಲವತ್ತು, ದೊಡ್ಡವರಿಗೆ ಅರವತ್ತು. ಒಂದು ಎಸೆತಕ್ಕೆ ಒಂದು ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಖಾಲಿಯಾದರೆ ಅವತ್ತಿನ ಪಿಚಿಂಗ್ ಮುಗಿಯಿತು, ಮರುದಿನ ಪೂರ್ತಿ ರಜ. ಒಬ್ಬ ತಂದೆ, ಮಗಳು ಚೆನ್ನಾಗಿ ಎಸೆಯುತ್ತಿದ್ದಾಳೆ, ಇನ್ನೊಂದು ಹಿಡಿ ಹಾಕಿ ಅಂತ ಬಂದು ನಿಂತರು. ಕೋಚ್ ಬಟ್ಟಲನ್ನು ಬೋರಲು ಹಾಕಿ, ‘ನಾಳಿದ್ದು ಬನ್ನಿ ಅಣ್ಣ’ ಅಂದರು. ದನಿ ಎತ್ತಲಿಲ್ಲ. ಮೂರನೇ ವಾರಕ್ಕೆ ಮಕ್ಕಳೇ ಒಬ್ಬರಿಗೊಬ್ಬರು ಬೀಜ ಎಣಿಸಿ ಕಾವಲು ಕಾಯುತ್ತಿದ್ದರು. ಪ್ರತಿಯೊಬ್ಬರ ಲೆಕ್ಕವೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿದೆ. ಕೇಳಿದರೆ ತೋರಿಸುತ್ತಾರೆ.

ದೊಡ್ಡ ಆಟಗಾರರು ಕೋಚ್ ಆಗೋದು ನಮ್ಮ ಜಿಲ್ಲೆಗೆ ಹೊಸದಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಹಾಕಿ ತಂಡದಲ್ಲಿದ್ದ ಎಂ.ಪಿ. ಗಣೇಶ್ ಮುಂದೆ ಭಾರತ ತಂಡಕ್ಕೆ ಕೋಚ್ ಆದರು. ಬಾಕ್ಸಿಂಗ್‌ನಲ್ಲಿ ಸಿ.ಎ. ಕುಟ್ಟಪ್ಪ ಅವರಿಗೆ 2018ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಆದರೆ ಚಾಂಪಿಯನ್ ಆದವರೆಲ್ಲ ಕಲಿಸಬಲ್ಲರು ಅಂತ ನಾನು ಒಪ್ಪುವುದಿಲ್ಲ. ಅವರ ಮೈಗೆ ಗೊತ್ತಿರೋದು ಬಾಯಿಗೆ ಬರುವುದಿಲ್ಲ. ‘ಹೀಗೆ ಮಾಡು’ ಅಂತ ಮಾಡಿ ತೋರಿಸುತ್ತಾರೆ, ಮಗು ನೋಡುತ್ತಾ ನಿಲ್ಲುತ್ತದೆ. ಈ ಶಿಬಿರದ ಅಕ್ಕನೂ ಮೊದಲೆರಡು ವರ್ಷ ಹಾಗೇ ಮಾಡಿದರಂತೆ, ನೋವು ನುಂಗಿಕೊಂಡು ಎಸೆದು ತೋರಿಸುತ್ತಿದ್ದರಂತೆ. ಭುಜ ಪೂರ್ತಿ ಕೈಕೊಟ್ಟ ಮೇಲೆ ತೋರಿಸುವ ದಾರಿಯೇ ಮುಚ್ಚಿತು. ಮಾತಿನಲ್ಲಿ ಹೇಳಲೇಬೇಕಾಯಿತು.

ಹೇಗೆ ಹೇಳುತ್ತಾರೆ ಅಂತ ವಿವರವಾಗಿ ಬರೆಯುತ್ತೇನೆ, ಶಾಲೆಗಳಲ್ಲಿರುವ ಮಾಸ್ಟ್ರುಗಳಿಗೆ ಬೇಕಾಗಬಹುದು. ಪಿಚಿಂಗನ್ನು ಕೊನೆಯಿಂದ ಶುರುಮಾಡುತ್ತಾರೆ. ಮೊದಲು ಮಗು ಮೊಣಕಾಲೂರಿ ಕೂತು, ತೊಡೆಯ ಪಕ್ಕ ಮಣಿಕಟ್ಟು ಮಾತ್ರ ಚಿಮ್ಮಿಸಿ ಆರಡಿ ದೂರಕ್ಕೆ ಚೆಂಡು ಬಿಡಬೇಕು. ಚೆಂಡನ್ನು ಹಳೆಯ ಕಾಲ್ಚೀಲದಲ್ಲಿ ಹಾಕಿ ಗಂಟು ಕಟ್ಟಿಯೂ ಮಾಡಿಸುತ್ತಾರೆ, ಆಗ ಓಡಿ ಹೋಗಿ ತರುವ ಕೆಲಸವಿಲ್ಲ. ನಾಲ್ಕು ದಿನ ಇದೇ. ಆಮೇಲೆ ಕೈ ಭುಜದೆತ್ತರಕ್ಕೆ, ಅಲ್ಲಿಂದ ಇಳಿದು ಬಿಡುವುದು. ಮುಂದೋಳು ಸೊಂಟಕ್ಕೆ ಸವರಿಕೊಂಡು ಹೋಗಬೇಕು, ‘ಲಂಗದ ನೆರಿಗೆ ಸರಿಮಾಡಿದ ಹಾಗೆ’ ಅನ್ನುತ್ತಾರೆ. ಆಮೇಲೆ ಪೂರ್ತಿ ಸುತ್ತು. ಕಾಲು ಎಲ್ಲಕ್ಕಿಂತ ಕೊನೆಗೆ. ಗುರಿಗೆ ಸಿಲ್ವರ್ ಓಕ್ ಮರಕ್ಕೆ ಗೋಣಿಚೀಲ ಕಟ್ಟಿದ್ದಾರೆ. ಅದರಲ್ಲಿ ಮಗುವಿನ ಕಂಕುಳಿನಿಂದ ಮಂಡಿಯವರೆಗಿನ ಎತ್ತರಕ್ಕೆ ಒಂದು ಕಿಂಡಿ ಕತ್ತರಿಸಿದೆ. ದೊಡ್ಡ ಹೆಂಗಸರ ಆಟದಲ್ಲಿ ಪಿಚರ್ 43 ಅಡಿ ದೂರದಿಂದ ಎಸೆಯುತ್ತಾಳೆ, ಒಳ್ಳೆಯ ವೇಗವಿದ್ದರೆ ಬ್ಯಾಟರ್‌ಗೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ. ಇಲ್ಲಿ ಮಕ್ಕಳಿಗೆ 25 ಅಡಿಯಿಂದ ಶುರು.

ಮೇ ಮೊದಲ ವಾರ ಒಂದು ಬೆಳಿಗ್ಗೆ ಗುಡುಗುಮಳೆ ಸುರಿಯಿತು. ಎಲ್ಲರನ್ನೂ ಪಕ್ಕದ ತೋಟದ ಕಾಫಿ ಗೋಡೌನಿಗೆ ಕರೆದುಕೊಂಡು ಹೋದರು. ಕೊಯ್ಲು ಮುಗಿದು ಖಾಲಿ ಬಿದ್ದಿತ್ತು. ಅಲ್ಲಿ ನೆಲದ ಮೇಲೆ ಕೂರಿಸಿ ಜಪಾನಿನ ಯುಕಿಕೊ ಉಎನೊ ಕಥೆ ಹೇಳಿದರು. 2008ರ ಬೀಜಿಂಗ್ ಒಲಿಂಪಿಕ್ಸ್. ಆಗಸ್ಟ್ 20ರಂದು ಒಂದೇ ದಿನ ಎರಡು ಪಂದ್ಯ. ಅಮೆರಿಕ ಎದುರು ಒಂಬತ್ತು ಇನಿಂಗ್ಸ್ (ಮಾಮೂಲಿ ಪಂದ್ಯ ಏಳೇ ಇನಿಂಗ್ಸ್) ಎಸೆದು ಸೋಲು, ಆಮೇಲೆ ಆಸ್ಟ್ರೇಲಿಯಾ ಎದುರು 12 ಇನಿಂಗ್ಸ್ ಎಸೆದು ಗೆಲುವು. ಮರುದಿನ ಫೈನಲ್, ಎದುರಿಗೆ 1996, 2000, 2004 ಮೂರು ಸಲವೂ ಚಿನ್ನ ಗೆದ್ದಿದ್ದ ಅದೇ ಅಮೆರಿಕ. ಜಪಾನ್ 3-1ರಿಂದ ಗೆದ್ದಿತು. ಎರಡು ದಿನದಲ್ಲಿ ಉಎನೊ ಎಸೆದದ್ದು 413 ಚೆಂಡು. ಮಕ್ಕಳು ‘ಅಬ್ಬಾ’ ಅಂದರು. ಅವರು ಒಂದು ಡಬ್ಬ ತೆಗೆದು 413 ಕಾಫಿ ಬೀಜ ಸಿಮೆಂಟ್ ನೆಲದ ಮೇಲೆ ಸುರಿದರು. ಹಿಂದಿನ ರಾತ್ರಿಯೇ ಎಣಿಸಿಟ್ಟಿದ್ದರು. ಅದರ ಪಕ್ಕದಲ್ಲಿ ನಲವತ್ತರ ಬಟ್ಟಲು ಇಟ್ಟರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಬೀಜಿಂಗ್ ಆದ ಮೇಲೆ 2012, 2016ರ ಒಲಿಂಪಿಕ್ಸಿನಲ್ಲಿ ಸಾಫ್ಟ್‌ಬಾಲೇ ಇರಲಿಲ್ಲ. ಮತ್ತೆ ಬಂದದ್ದು ಟೋಕಿಯೊಗೆ, 2021ರಲ್ಲಿ. ಉಎನೊಗೆ 39 ವರ್ಷ. ಕೋಚ್ ರೇಕಾ ಉತ್ಸುಗಿ. ಈಕೆ ಹುಟ್ಟಿದ್ದು ಬೀಜಿಂಗಿನಲ್ಲಿ, ಆಮೇಲೆ ಜಪಾನಿನ ಪೌರತ್ವ ಪಡೆದು 2000ದಲ್ಲಿ ಬೆಳ್ಳಿ, 2004ರಲ್ಲಿ ಕಂಚು ಗೆದ್ದ ತಂಡಗಳಲ್ಲಿ ಆಡಿದವರು. ಫೈನಲ್ಲಿನಲ್ಲಿ ಮತ್ತೆ ಅಮೆರಿಕ. ಆರನೇ ಇನಿಂಗ್ಸಿನಲ್ಲಿ ಉತ್ಸುಗಿ ಉಎನೊಳನ್ನು ಹೊರಗೆ ಕರೆದು 20 ವರ್ಷದ ಮಿಯು ಗೋಟೊ ಕೈಗೆ ಚೆಂಡು ಕೊಟ್ಟರು. ಅಮೆರಿಕದವರು ಬಲವಾಗಿ ಹೊಡೆದ ಚೆಂಡು ಮೂರನೇ ಬೇಸಿನವಳ ಕೈಗೆ ಬಡಿದು ಚಿಮ್ಮಿತು. ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಅದನ್ನು ನೆಲ ಮುಟ್ಟುವ ಮೊದಲೇ ಹಿಡಿದು ಎರಡನೇ ಬೇಸಿಗೆ ಎಸೆದಳು, ಒಂದೇ ಏಟಿಗೆ ಇಬ್ಬರು ಔಟ್. ಈ ಆಟದಲ್ಲಿ ಶುರುವಿನ ತಂಡದವರು ಹೊರಗೆ ಹೋದರೂ ಒಮ್ಮೆ ವಾಪಸು ಬರಬಹುದು. ಏಳನೇ ಇನಿಂಗ್ಸಿಗೆ ಉಎನೊ ಮತ್ತೆ ಬಂದು ಮುಗಿಸಿದಳು. 2-0. ‘413 ಎಸೆದಿದ್ದು ದೊಡ್ಡದೇ. ಆದ್ರೆ ಉತ್ಸುಗಿ ಮೇಡಂ ಆ ಹೊತ್ತಲ್ಲಿ ಚೆಂಡು ವಾಪಸ್ ತಗೊಂಡ್ರಲ್ಲ, ನಾನು ಅದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ’ ಅಂದರು. ಅವರ ಎಡಗೈ ಬಲಭುಜದ ಮೇಲಿತ್ತು. ಹೊರಗೆ ಮಳೆ ನಿಂತಿರಲಿಲ್ಲ.

ಕೊರತೆಗಳೂ ಇವೆ, ಹೇಳಲೇಬೇಕು. ಹೆಲ್ಮೆಟ್ ಐದೇ ಇದೆ, ಅದರಲ್ಲಿ ಮುಖದ ಜಾಲರಿ ಇರುವುದು ಎರಡು. ಗಟ್ಟಿ ಚೆಂಡಿನಲ್ಲಿ ಬ್ಯಾಟಿಂಗ್ ಮಾಡುವ ಮಗು, ಓಡುವ ಮಗು, ಎಲ್ಲರಿಗೂ ಬೇಕು. ಇದಕ್ಕಾಗಿ ಶುಲ್ಕ 500 ರೂಪಾಯಿ ಏರಿಸಿದರೂ ಪೋಷಕರು ಬೇಡ ಅನ್ನುವುದಿಲ್ಲ ಅಂತ ನಾನು ಅವರಿಗೇ ಹೇಳಿದ್ದೇನೆ. ಬ್ಯಾಟರ್ ನಿಂತು ಹೊಡೆಯುವ ಹೋಮ್ ಪ್ಲೇಟಿನ ಹಿಂದೆ ತಡೆಬಲೆ ಇಲ್ಲ, ಚೆಂಡು ಗದ್ದೆಗೆ ಹೋದರೆ ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಹೆಣ್ಣುಮಕ್ಕಳಿಗೆ ಶೌಚಾಲಯಕ್ಕೆ ಪಕ್ಕದ ಮನೆಯವರ ದಯೆಯೇ ಗತಿ. ಎಂಟೂವರೆಗೆ ಹಾಕಿ ಹುಡುಗರು ಬಂದು ಮೈದಾನದ ಅಂಚಿನಲ್ಲಿ ನಿಂತುಬಿಡುತ್ತಾರೆ, ಕೊನೆಯ ಅರ್ಧ ಗಂಟೆ ಅವಸರವಾಗುತ್ತದೆ. ಸಿದ್ದಾಪುರ, ವಿರಾಜಪೇಟೆ ಕಡೆಯಿಂದ ಬರುವವರಿಗೆ ಆರೂವರೆಗೆ ಬಸ್ಸಿನಲ್ಲಿ ತಲುಪುವುದು ಕಷ್ಟ, ನಾಲ್ಕೈದು ಮನೆಯವರು ಸೇರಿ ಜೀಪು ಮಾಡಿಕೊಂಡರೆ ಒಳ್ಳೆಯದು. ಇನ್ನೊಬ್ಬ ಸಹಾಯಕ ಕೋಚ್ ಇದ್ದಾನೆ, ಹಿಡಿಯುವುದು ಎಸೆಯುವುದು ಚೆನ್ನಾಗಿ ಕಲಿಸುತ್ತಾನೆ, ಆದರೆ ಪಿಚಿಂಗ್ ಪೂರ್ತಿ ಅವರೊಬ್ಬರ ಮೇಲೇ ಇದೆ. 31ಕ್ಕಿಂತ ಹೆಚ್ಚು ಮಕ್ಕಳನ್ನು ತೆಗೆದುಕೊಂಡರೆ ಈ ಗುಣ ಉಳಿಯುವುದಿಲ್ಲ.

ಕೊನೆಯ ದಿನ ಎರಡು ತಂಡ ಮಾಡಿ ಐದು ಇನಿಂಗ್ಸಿನ ಪಂದ್ಯ ಆಡಿಸಿದರು. ಬೆಲ್ಲದ ಕಾಫಿ ಎಲ್ಲ ಪೋಷಕರಿಗೂ ಬಂತು. ಮೊದಲನೇ ಬೇಸಿನಲ್ಲಿ ಬಿಳಿ, ಕಿತ್ತಳೆ ಎರಡು ಬಣ್ಣದ ಜೋಡಿ ಬೇಸ್ ಹಾಕಿದ್ದರು, ಓಡುವವಳೂ ಹಿಡಿಯುವವಳೂ ಡಿಕ್ಕಿ ಹೊಡೆಯಬಾರದು ಅಂತ. ಮೊಮ್ಮಗಳು ಮೊದಲ ಎರಡು ಸಲ ಔಟ್. ಮೂರನೇ ಸಲ ಚೆಂಡನ್ನು ಮೂರನೇ ಬೇಸಿನ ಕಡೆಗೆ ತಟ್ಟಿ, ಆ ಎರಡು ಹೆಜ್ಜೆಯ ಲಾಭ ತಗೊಂಡು ಓಡಿದಳು. ಅಂಪೈರ್ ಆಗಿದ್ದ ಸಹಾಯಕ ಎರಡು ಕೈ ಚಾಚಿ ‘ಸೇಫ್’ ಅಂದ. ಅವಳು ಕಿತ್ತಳೆ ಬೇಸಿನ ಮೇಲೆ ನಿಂತು ನನ್ನ ಕಡೆ ನೋಡಲಿಲ್ಲ, ಅಕ್ಕನ ಕಡೆ ನೋಡಿದಳು. ಅಕ್ಕ ಎಡಗೈ ಎತ್ತಿ ಎರಡು ಬೆರಳು ತೋರಿಸಿದರು.

ಮುಂದಿನ ಶಿಬಿರ ಮತ್ತೆ ಏಪ್ರಿಲ್‌ನಲ್ಲಿ. ಜನವರಿ ಕೊನೆಗೆ, ಕಾಫಿ ಕೊಯ್ಲಿನ ಗಡಿಬಿಡಿ ಇದ್ದರೂ ಒಂದು ಸಲ ಮೈದಾನದ ಹತ್ತಿರ ಹೋಗಿ ಹೆಸರು ಬರೆಸಿ ಬನ್ನಿ. ಮಗುವಿನ ಕಾಲಿಗೆ ಸರಿಹೋಗುವ ಕ್ಯಾನ್ವಾಸ್ ಶೂ, ಉದ್ದ ಪ್ಯಾಂಟು, ಎರಡು ಜೊತೆ ಹಳೆಯ ಕಾಲ್ಚೀಲ ಸಾಕು. ಬಲಗೈಗೆ ಹಾಕುವ ಗ್ಲೌಸ್ ಒಂದೇ ಇರುವುದು. ನಿಮ್ಮ ಮಗುವೂ ಎಡಚ ಆಗಿದ್ದರೆ ಹೆಸರು ಬರೆಸುವಾಗಲೇ ಹೇಳಿಬಿಡಿ, ಮೀರತ್‌ನಿಂದ ಬರಲು ಸಮಯ ಬೇಕು.